ಚಿಗರಿ ಎಣಿಸುವವರು ಬದು ದಾಟಿ ಬರಲಿ

ಕಾಡಿನ ವಿದ್ಯೆ ಓದುವ ಹುಡುಗರು ಈಗ ಅಭಯಾರಣ್ಯಗಳಿಗೆ ಹೋಗಿ ಕೆಲವು ತಿಂಗಳು ಕೆಲಸ ಕಲಿಯುತ್ತಾರೆ. ಇಂಟರ್ನ್‌ಶಿಪ್ ಅಂತ ಅದಕ್ಕೆ ಹೆಸರು. ಪ್ರಾಣಿ, ಹುಲ್ಲು, ನೀರು ಇವುಗಳ ಲೆಕ್ಕ ಇಡುವ ಕೆಲಸ. ಕೆಲಸ ಒಳ್ಳೆಯದೇ. ನನ್ನ ತಕರಾರು ಒಂದೇ: ಈ ಲೆಕ್ಕ ಅಭಯಾರಣ್ಯದ ಗಡಿಕಲ್ಲಿಗೆ ಬಂದು ನಿಂತುಬಿಡುತ್ತದೆ. ಚಿಗರಿ ಮಾತ್ರ ಅಲ್ಲಿ ನಿಲ್ಲೂದಿಲ್ಲ.

ನಾನು ಸಾರವಾಡದ ಒಣಬೇಸಾಯದ ರೈತ. ಕಲಿತದ್ದು ಏಳನೇತ್ತೆ. ಡೋಣಿ ದಂಡೆಯ ಎರಿ ಹೊಲ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಅಂತ ಹಿರಿಯರು ಆಡಿದ ನೆಲ ಇದು. ನಮ್ಮ ಸುತ್ತ ಅಭಯಾರಣ್ಯ ಇಲ್ಲ. ಆದರೂ ಹೊಲದಾಗ ಚಿಗರಿ ಬರುತ್ತಾವ. ಕೃಷ್ಣಮೃಗ ಅಂತ ಪುಸ್ತಕದಾಗ ಬರೆಯುವುದು ಇದಕ್ಕೇ. ಅದು ಕಾಡಿನ ಪ್ರಾಣಿಯೇ ಅಲ್ಲ, ಬಯಲಿನ ಪ್ರಾಣಿ. ಬಯಲೆಲ್ಲ ಹೊಲ ಆಗಿರುವಾಗ ಅದು ಹೊಲಕ್ಕಲ್ಲದೆ ಎಲ್ಲಿಗೆ ಹೋಗಬೇಕು?

ನನ್ನ ತಂಗಿಯ ಮಗ ಅರಣ್ಯಶಾಸ್ತ್ರ ಓದುತ್ತಾನೆ. ಅಭಯಾರಣ್ಯದಲ್ಲಿ ಏನು ಮಾಡಿದಿ ಅಂತ ಕೇಳಿದೆ. "ಮಾಮಾ, ಬೆಳಿಗ್ಗೆ ಎದ್ದು ನೇರ ಗೆರಿ ಹಿಡದ ನಡಿಯೂದು, ಎಡಕ ಬಲಕ ಕಂಡ ಪ್ರಾಣಿ ಬರಕೊಳ್ಳೂದು. ಹಿಕ್ಕಿ ಎಣಸೂದು. ಮೀಟರ್ ಚೌಕ ಇಟ್ಟು ಹುಲ್ಲು ಯಾವುದು, ಕಳೆ ಯಾವುದು ನೋಡೂದು" ಅಂದ. ಬದುವಿನಾಚೆ ರೈತರ ಹೊಲಕ್ಕೆ ಹೋಗಿದ್ದಿಯೇನು ಅಂದರೆ, "ಅದು ನಮ್ಮ ಪಟ್ಟಿಯೊಳಗ ಇರಲಿಲ್ಲ" ಅಂದ. ಹುಡುಗನ ತಪ್ಪಲ್ಲ. ಪಟ್ಟಿ ಮಾಡಿದವರು ಹಾಗೆ ಮಾಡಿದ್ದಾರೆ.

ನಮ್ಮ ಬಯಲುಸೀಮೆಯ ಎರಡು ಅಭಯಾರಣ್ಯ ನೋಡಿರಿ. ಕೃಷ್ಣಾ ನದಿಯ ಆಚೆ ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯ ಇದೆ. 2016ರಲ್ಲಿ ಘೋಷಣೆ ಆಯಿತು. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್. ಚಿಂಕಾರದ ಜೊತೆಗೆ ತೋಳ, ಕತ್ತೆಕಿರುಬಗಳೂ ಅಲ್ಲಿ ಇವೆ. ಅದಕ್ಕೂ ಹಳೆಯದು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. 1974ರದು, 119 ಚದರ ಕಿಲೋಮೀಟರ್. ಅಲ್ಲಿ ಹುಲ್ಲಿನ ಬಯಲಿನಲ್ಲಿ ನೀಲಗಿರಿ ಗಿಡ ಹಚ್ಚಿದರು. ಚಿಗರಿಗಳು ಹಗಲಿಗೆ ಆ ನೆಡುತೋಪಿನೊಳಗೆ ಇರುತ್ತವೆ, ಮೇಯಲು ಸುತ್ತಲಿನ ರೈತರ ಹೊಲಕ್ಕೆ ಬರುತ್ತವೆ. ಎರೆಭೂತ ಅಂತ ಕರೆಯುವ ದೊಡ್ಡ ಹಕ್ಕಿ ಮೊದಲು ಅಲ್ಲಿ ಇತ್ತು, ಈಗ ಇಲ್ಲ. ಆ ಹಕ್ಕಿಗೆ ಬೇಕಾದದ್ದು ತೆರೆದ ಬಯಲು, ಒಣಬೇಸಾಯದ ಹೊಲ. ನಮಗೆ ತಿಳಿಯುವುದು ಇಷ್ಟು: ನಮ್ಮ ಕಡೆಯ ಪ್ರಾಣಿಪಕ್ಷಿಗಳ ಬದುಕು ಅರ್ಧ ಗಡಿಯೊಳಗೆ, ಅರ್ಧ ನಮ್ಮ ಹೊಲದಾಗ. ಒಂದು ಕಡೆ ಅಷ್ಟೇ ಎಣಿಸಿದರೆ ಅದು ಅರ್ಧ ಲೆಕ್ಕ.

ಕಾನೂನಿನ ಮಾತು ಬಂದಾಗ ಗಡಿ ಯಾರೂ ನೋಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಚಿಗರಿಗೂ ಚಿಂಕಾರಕ್ಕೂ ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆ. ನನ್ನ ಕಡಲೆ ಹೊಲದ ನಡುವೆ ನಿಂತ ಚಿಗರಿಗೂ ಅದೇ ರಕ್ಷಣೆ. ಅದು ಸರಿಯೇ. ಅದನ್ನು ಕೊಲ್ಲಬೇಕು ಅಂತ ನಾನು ಹೇಳೂದಿಲ್ಲ. ಆದರೆ ಕಾನೂನು ಬದು ದಾಟಿ ಬರುವುದಾದರೆ ಲೆಕ್ಕವೂ ಬದು ದಾಟಿ ಬರಬೇಕಲ್ಲ?

ಯಾವ ಲೆಕ್ಕ ಅಂತ ಕೇಳುವಿರಿ. ಕಡಲೆಯ ಮಾತು ತೆಗೆದುಕೊಳ್ಳಿರಿ. ಬಿತ್ತಿದ ತಿಂಗಳಿಗೆ ಕುಡಿ ಚಿವುಟಿದರೆ ಟೊಂಗಿ ಹೆಚ್ಚು ಒಡೆಯುತ್ತವೆ, ಇದು ನಮಗೆ ಗೊತ್ತಿದ್ದದ್ದೇ. ಹೆಣ್ಣುಮಕ್ಕಳು ಪಲ್ಯಕ್ಕೆ ಅಂತ ಕುಡಿ ಚಿವುಟಿ ತರುತ್ತಾರೆ. ಹಾಗಾದರೆ ಚಿಗರಿ ಒಮ್ಮೆ ಕುಡಿ ಮೇದರೆ ಲುಕ್ಸಾನು ಎಷ್ಟು? ಎರಡನೇ ಸಲ ಬಂದರೆ ಎಷ್ಟು? ಹೂವು ಕಾಯಿ ಹಿಡಿದ ಮೇಲೆ ಮೇದರೆ, ಓಡಾಡಿ ತುಳಿದರೆ ಎಷ್ಟು? ರೈತ ಎಲ್ಲಾ ಹೋತು ಅಂತಾನೆ, ನೋಡಲು ಬಂದವರು ಏನೂ ಆಗಿಲ್ಲ ಅಂತಾರೆ. ಪಂಚನಾಮೆ ಆಗುವ ಹೊತ್ತಿಗೆ ಗಿಡ ಮತ್ತೆ ಚಿಗಿತಿರುತ್ತದೆ, ಇಲ್ಲವೆ ರಾಶಿ ಮುಗಿದಿರುತ್ತದೆ. ಇಬ್ಬರ ಕೈಯಾಗೂ ಅಂಕಿ ಇರೂದಿಲ್ಲ. ಅಂಕಿ ಇಲ್ಲದವನ ಮಾತು ಕಚೇರಿಯಾಗ ನಡೆಯೂದಿಲ್ಲ.

ಆ ಅಂಕಿ ತೆಗೆಯುವುದು ಇಂಟರ್ನ್ ಹುಡುಗನಿಗೆ ದೊಡ್ಡ ಮಾತಲ್ಲ. ಹೊಲದಾಗ ಅಲ್ಲಲ್ಲಿ ನಾಲ್ಕು ಗೂಟ ಹುಗಿದು ಸುತ್ತ ಬಲೆ ಕಟ್ಟಬೇಕು. ಅದರೊಳಗೆ ಚಿಗರಿ ಬಾಯಿ ಹಾಕಬಾರದು. ರಾಶಿಯ ಹೊತ್ತಿಗೆ ಬಲೆಯೊಳಗಿನ ಒಂದು ಚೌಕದ ಕಾಳು, ಹೊರಗಿನ ಅಷ್ಟೇ ಜಾಗದ ಕಾಳು ತೂಗಬೇಕು. ವ್ಯತ್ಯಾಸವೇ ಲುಕ್ಸಾನು. ಕಡಲೆ ಸುತ್ತ ನಾಲ್ಕಾರು ಸಾಲು ಕುಸುಬಿ ಹಾಕುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಆ ಮುಳ್ಳಿಗೆ ಚಿಗರಿ ಎಷ್ಟು ಹೆದರುತ್ತದೆ ಅನ್ನುವುದನ್ನೂ ಹೀಗೇ ಅಳೆಯಬಹುದು.

ಇದು ಆಗದ ಮಾತಲ್ಲ. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಗ್ರಾಮೀಣ ಕಾರ್ಯಾನುಭವ ಅಂತ ಹಳ್ಳಿಗೆ ಬಂದು ಇರುತ್ತಾರೆ. ನಮ್ಮ ವಿಜಯಪುರದ ಕೃಷಿ ಕಾಲೇಜು, ಶಿರಸಿಯ ಅರಣ್ಯ ಕಾಲೇಜು ಎರಡೂ ಧಾರವಾಡ ಕೃಷಿ ವಿಶ್ವವಿದ್ಯಾಲಯದವೇ. ಒಂದು ಗುಂಪು ಊರಿಗೆ ಬರುತ್ತದೆ, ಇನ್ನೊಂದು ಕಾಡಿಗೆ ಹೋಗುತ್ತದೆ. ಎರಡನ್ನೂ ಒಂದು ಹಂಗಾಮು ಬದುವಿನ ಮೇಲೆ ಕೂಡಿಸಿದರೆ ಸಾಕು.

ಅಮೆರಿಕದಲ್ಲಿ ವಿದ್ಯಾರ್ಥಿಗಳನ್ನು ರಾಷ್ಟ್ರೀಯ ಉದ್ಯಾನಗಳ ಕೆಲಸಕ್ಕೆ ಹಚ್ಚುವ ಪದ್ಧತಿ 1957ರಲ್ಲಿ ಸುರುವಾಯಿತು. ಎಲಿಜಬೆತ್ ಕುಶ್ಮನ್ ಎಂಬ ಹೆಣ್ಣುಮಗಳು ಕಾಲೇಜಿನಲ್ಲಿ ಬರೆದ ಪ್ರಬಂಧದಿಂದ ಹುಟ್ಟಿದ ಕೆಲಸ ಅದು. ಅದನ್ನು ನೋಡಿ ನಾವೂ ಮಾಡುವುದು ಚೆಂದ. ಆದರೆ ಅಲ್ಲಿನ ಉದ್ಯಾನ ಬೇರೆ, ನಮ್ಮ ಅಭಯಾರಣ್ಯ ಬೇರೆ. ನಮ್ಮಲ್ಲಿ ಗಡಿಕಲ್ಲು ದಾಟಿದರೆ ರಂಟೆ ಕುಂಟೆ ಹೊಡೆಯುವ ನೆಲ.

ಇನ್ನೊಂದು ಮಾತು. ಈ ಜಾಗಗಳಲ್ಲಿ ಅರ್ಧವನ್ನಾದರೂ ಅಭಯಾರಣ್ಯದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಕೊಡಬೇಕು, ಉಣ್ಣಲು ಸಾಲುವಷ್ಟು ಸ್ಟೈಪೆಂಡೂ ಕೊಡಬೇಕು. ಪುಕ್ಕಟೆ ಕೆಲಸ ಅಂದರೆ ಉಳ್ಳವರ ಮಕ್ಕಳೇ ಬರುತ್ತಾರೆ. ಕುರಿ ಕಾಯ್ದ ಹುಡುಗನಿಗೆ ಹಿಕ್ಕಿ ನೋಡಿದರೆ ಯಾವ ಪ್ರಾಣಿ, ಯಾವಾಗ ಹೋಯಿತು ಅಂತ ತಿಳಿಯುತ್ತದೆ. ಅವನಿಗೆ ಬರೆದಿಡುವುದನ್ನು ಕಲಿಸಿದರೆ ಆಯಿತು.

ಎಣಿಸಿದರೆ ಪೀಕು ಉಳಿತೈತೇನು ಅಂತ ನಮ್ಮ ಓಣಿಯವರೇ ಕೇಳುತ್ತಾರೆ. ಎಣಿಸಿದ ಮಾತ್ರಕ್ಕೆ ಉಳಿಯೂದಿಲ್ಲ, ಖರೆ. ಆದರೆ ಪರಿಹಾರ ಎಷ್ಟು, ಬೇಲಿ ಎಲ್ಲಿ, ಹುಲ್ಲಿಗೆ ಬಯಲು ಎಲ್ಲಿ ಬಿಡಬೇಕು ಅನ್ನುವ ಮಾತೆಲ್ಲ ಅಂಕಿಯಿಂದಲೇ ಸುರು ಆಗಬೇಕು. ಇಲ್ಲವಾದರೆ ಕೋಪ ಚಿಗರಿಯ ಮೇಲೆ ತಿರುಗುತ್ತದೆ. ಆಮೇಲೆ ಚಿಗರಿಯೂ ಉಳಿಯೂದಿಲ್ಲ, ರೈತನ ಮೇಲೆ ಕೇಸೂ ತಪ್ಪೂದಿಲ್ಲ.

ಅವರು ಬರುವ ತನಕ ನಾವು ಸುಮ್ಮನೆ ಕೂಡಬೇಕಾಗಿಲ್ಲ. ಚಿಗರಿ ಬರುವ ಹೊಲದವರು ಈ ಹಿಂಗಾರಿಗೆ ನಾಲ್ಕು ಗೂಟ ಹುಗಿದು, ಕಾಳು ತೂಗಿ, ಬಂದ ಅಂಕಿಯನ್ನು ಈ ಪತ್ರಿಕೆಗೆ ಬರೆದು ಕಳಿಸಿರಿ. ಹತ್ತು ಊರಿನ ತೂಕ ಒಂದು ಕಡೆ ಕೂಡಿದರೆ ಕಚೇರಿಯವರೂ ಓದಲೇಬೇಕಾಗುತ್ತದೆ.