ದಸರೆಯ ಹೂವು ಹೋಳಿಗೆ ಇರಲಿ

ಪೆದ್ದಕಡುಬೂರು ಸೀಮೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ತಿನ್ನುವ ಹೋಳಿಗೆಗೆ ಅರಿಸಿನ ಹಾಕುವಾಗ ಕಲಬೆರಕೆಯೇನೋ ಎಂದು ಮೂಸಿ ನೋಡುತ್ತೇವೆ. ಆಡುವ ಹೋಳಿಗೆ ತಂದ ಹಳದಿ ಪುಡಿಯಲ್ಲಿ ಏನಿದೆಯೆಂದು ಕೇಳುವುದೇ ಇಲ್ಲ. ಅಗ್ಗದ ಹಳದಿಯಲ್ಲಿ ಸೀಸದ ಲವಣ ಬೆರೆತಿರುವುದುಂಟು. ಅದನ್ನೇ ಮಕ್ಕಳ ಮುಖಕ್ಕೆ ಬಳಿಯುತ್ತೇವೆ.

ಒಳ್ಳೆಯ ಹಳದಿ ನಮ್ಮ ಮನೆಯಲ್ಲೇ ಇದೆ, ತಿಪ್ಪೆಗೆ ಸುರಿಯುವವರೂ ನಾವೇ. ಆಯುಧಪೂಜೆಗೆ ಹೊಲದ ಟ್ರ್ಯಾಕ್ಟರಿನಿಂದ ಆದೋನಿಯ ಹತ್ತಿ ಮಿಲ್ಲಿನವರೆಗೆ ಎಲ್ಲೆಲ್ಲೂ ಚೆಂಡುಹೂವಿನ ಮಾಲೆ. ಹಬ್ಬ ಮುಗಿಯಿತೋ, ಅದೇ ಮಾಲೆ ದಾರದ ಸಮೇತ ಚರಂಡಿಗೆ, ಕಾಲುವೆಗೆ.

ಈ ದಸರೆಗೆ ಹಾಗೆ ಮಾಡಬೇಡಿ. ಮಾಲೆ ಇಳಿಸಿ ದಾರ ಎಳೆಯಿರಿ. ಕುಂಕುಮ, ಎಣ್ಣೆ ತಾಗಿದ ಹೂವನ್ನು, ಕೊಳೆತದ್ದನ್ನು ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಉಳಿದದ್ದನ್ನು ತೊಳೆದು, ಎಸಳು ಬಿಡಿಸಿ, ನೆರಳಿನಲ್ಲೇ ಒಣಗಿಸಿ. ಬಿಸಿಲಿಗೆ ಬಣ್ಣ ಮಾಸುತ್ತದೆ. ಗರಿಗರಿಯಾದ ಮೇಲೆ ಬಟ್ಟೆಯ ಚೀಲದಲ್ಲಿ ಕಟ್ಟಿಡಿ.

ಹೋಳಿಯ ಹಿಂದಿನ ರಾತ್ರಿ ಆ ಎಸಳನ್ನು ನೀರಲ್ಲಿ ಅರ್ಧ ತಾಸು ಕುದಿಸಿ, ಹಾಗೇ ಬಿಟ್ಟು, ಬೆಳಿಗ್ಗೆ ಸೋಸಿದರೆ ಓಕುಳಿ ಸಿದ್ಧ. ಕೆಲವರ ಮೈಗೆ ಚೆಂಡುಹೂವು ಒಗ್ಗುವುದಿಲ್ಲ. ಮೊದಲು ಮುಂಗೈಗೆ ಹಚ್ಚಿ ನೋಡಿ. ಫಾಲ್ಗುಣದಲ್ಲಿ ಮುತ್ತುಗದ ಹೂ ಸಿಕ್ಕರೆ ಅದನ್ನೂ ಹೀಗೇ ಕುದಿಸಬಹುದು. ಕೊಂಬೆ ಮುರಿಯಬೇಡಿ, ಉದುರಿದ್ದೇ ಸಾಕು.

ಆಟಕ್ಕಷ್ಟೇ ಅಲ್ಲ, ಬಟ್ಟೆಗೂ ಚೆಂಡುಹೂವಿನ ಬಣ್ಣ ಹತ್ತುತ್ತದೆ. ಹತ್ತಿ ಬಟ್ಟೆಯನ್ನು ಮೊದಲು ಅಳಲೆಕಾಯಿ ನೀರಿನಲ್ಲಿ, ಆಮೇಲೆ ಪಟಿಕದ ನೀರಿನಲ್ಲಿ ನೆನೆಸಿ, ಹೂವಿನ ರಸದಲ್ಲಿ ಕಾಯಿಸಬೇಕು. ನೂರು ಗ್ರಾಂ ಬಟ್ಟೆಗೆ ಅಷ್ಟೇ ತೂಕದ ಒಣ ಹೂವು, ಹತ್ತು-ಹದಿನೈದು ಗ್ರಾಂ ಪಟಿಕ. ಪಟಿಕ ಬಟ್ಟೆಗೆ ಮಾತ್ರ, ಓಕುಳಿಗೆ ಬೇಡ. ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲೇ ನೇಕಾರರ ಸಹಕಾರ ಸಂಘ ಕಟ್ಟಿದ ಸೀಮೆ ಇದು. ನೂಲು, ಮಗ್ಗ ನಮಗೆ ಹೊಸದಲ್ಲ.

ಹಬ್ಬವೂ ಹೊಸದಲ್ಲ. ಆದೋನಿ ಹತ್ತಿರದ ಸಂತೆಕೂಡ್ಲೂರಿನಲ್ಲಿ ಹೋಳಿಗೆ ಗಂಡಸರೇ ಸೀರೆಯುಟ್ಟು ರತಿ-ಮನ್ಮಥರ ಪೂಜೆಗೆ ಹೋಗುತ್ತಾರೆ. ಕಾಮನ ಬಾಣವೇ ಹೂವು. ಅವನ ಹಬ್ಬಕ್ಕೆ ಸೀಸವೇಕೆ?

ಕೇಳುವುದಿಷ್ಟೇ: ಓಣಿಗೊಂದು ಚೀಲ. ಗುಡಿಯವರು, ಮಿಲ್ಲಿನವರು, ಹೂ ಮಾರುವ ಅಕ್ಕಂದಿರು ಉಳಿದ ಹೂವನ್ನು ಅದಕ್ಕೆ ಹಾಕಲಿ. ಬಿಡಿಸುವ ಕೆಲಸ ಮಕ್ಕಳಿಗೆ ಬಿಡಿ. ವಿಜಯದಶಮಿಯ ಮರುದಿನ ಬಾಗಿಲ ತೋರಣ ಬಿಚ್ಚುವಾಗ ಮೊದಲು ದಾರ ಎಳೆಯಿರಿ. ಉಳಿದದ್ದನ್ನು ಹೋಳಿಯ ದಿನ ನೋಡೋಣ.