ಮಣ್ಣು ಮುಚ್ಚುವ ಮೊದಲು ಮಣ್ಣು ನೋಡಿ!
ಕೊಳ್ಳೇಗಾಲ, ಹನೂರು, ಯಳಂದೂರು ಪಟ್ಟಣಗಳ ಜನರಲ್ಲಿ ಮನವಿ



ರೇಷ್ಮೆ ಹುಳು ಸಾಕಿದ ಮನೆಯವರಿಗೆ ಇದು ಗೊತ್ತು. ಪಕ್ಕದ ಹೊಲದಲ್ಲಿ ಔಷಧಿ ಹೊಡೆದ ದಿನ ಗಾಳಿ ನಮ್ಮ ಹಿಪ್ಪುನೇರಳೆ ಕಡೆ ತಿರುಗಿದರೆ ಸಾಕು, ಆ ಸೊಪ್ಪು ತಿಂದ ಹುಳು ತಲೆಯೆತ್ತಿ ಹಸಿರು ನೀರು ಕಕ್ಕುತ್ತದೆ. ತಟ್ಟೆ ತಟ್ಟೆಯೇ ಸತ್ತುಹೋಗುತ್ತದೆ. ಅದಕ್ಕೇ ಸೊಪ್ಪು ಯಾವ ತೋಟದ್ದು ಎಂದು ಕೇಳದೆ ನಾವು ಹುಳುವಿಗೆ ಹಾಕುವುದಿಲ್ಲ. ನಮ್ಮ ಮಕ್ಕಳು ಆಡುವ ನೆಲ ಎಂಥದ್ದು ಎಂದು ಮಾತ್ರ ಯಾರೂ ಕೇಳುತ್ತಿಲ್ಲ.

ಮೂರೂ ಊರು ಬೆಳೆಯುತ್ತಿವೆ. ಹನೂರು ಈಗ ತಾಲ್ಲೂಕು ಕೇಂದ್ರ. ನಿನ್ನೆ ಊರಾಚೆ ಇದ್ದ ಜಾಗ ಇವತ್ತು ಊರೊಳಗಿದೆ. ಊರಾಚೆ ಇದ್ದಾಗ ಇಂಥ ಜಾಗಗಳಿಗೆ ಏನೇನು ಸುರಿಯುತ್ತಾರೆ, ನೆನಪು ಮಾಡಿಕೊಳ್ಳಿ: ನೂಲಿಗೆ ಬಣ್ಣ ಹಾಕಿದ ನೀರು, ಗ್ಯಾರೇಜಿನ ಸುಟ್ಟ ಆಯಿಲ್, ಒಡೆದ ಬ್ಯಾಟರಿ, ಆಸ್ಪತ್ರೆ ಸೂಜಿ. ಅದರ ಮೇಲೆ ಎರಡು ಲೋಡು ಮಣ್ಣು ಹೊಡೆದು, ಕಲ್ಲು ನೆಟ್ಟು, ಸೈಟು ಅಂದುಬಿಟ್ಟರೆ ಕೆಳಗಿರುವುದು ಎಲ್ಲಿಗೆ ಹೋದೀತು?

ಪಾಯ ತೋಡುವಾಗ ನಾವು ಕಣ್ಣಾರೆ ಕಂಡಿದ್ದೇವೆ. ಮೊಣಕಾಲುದ್ದ ಕೆಂಪು ಮಣ್ಣು, ಅದರಡಿ ನಾರುವ ಕಪ್ಪು ಪದರ, ಅದರೊಳಗೆ ಗ್ಲೂಕೋಸ್ ಬಾಟಲಿಯ ಪೈಪು, ಬ್ಯಾಟರಿಯ ತಗಡು. ಕೂಲಿಗೆ ಬಂದಿದ್ದ ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಅದನ್ನೇ ಬಾಂಡ್ಲಿಯಲ್ಲಿ ಹೊತ್ತು ಹಾಕುತ್ತಿದ್ದರು. ಬರಿಗಾಲು. ಬ್ಯಾಟರಿಯೊಳಗಿನ ಸೀಸ ಕೊಳೆತು ಕರಗುವಂಥದ್ದಲ್ಲ. ಅಂಬೆಗಾಲಿಡುವ ಮಗು ನೆಲ ಸವರಿದ ಕೈಯನ್ನೇ ಬಾಯಿಗಿಡುತ್ತದೆ. ಮೈಗೆ ಹೊಕ್ಕ ಸೀಸ ಜ್ವರ ತರುವುದಿಲ್ಲ, ಗುಳ್ಳೆ ಏಳಿಸುವುದಿಲ್ಲ, ಸದ್ದಿಲ್ಲದೆ ಮೆದುಳಿನ ಬೆಳವಣಿಗೆಯನ್ನೇ ತಿನ್ನುತ್ತದೆ. ಆಮೇಲೆ ಆ ಮಗು ಓದಿನಲ್ಲಿ ಹಿಂದೆ ಬಿದ್ದರೆ ನಾವು ದಡ್ಡ ಎಂದು ಬೈಯುತ್ತೇವೆ.

ತಡ ಮಾಡಿದರೆ ಏನಾಗುತ್ತದೆ ಎಂದು ಬೇರೆ ಊರುಗಳನ್ನು ನೋಡಿ. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಚಿನ್ನ ತೆಗೆದು ಉಳಿದ ಸೈನೈಡ್ ಮಣ್ಣಿನ ದಿಬ್ಬಗಳು ಊರ ನಡುವೆ ನಿಂತೇ ಇದ್ದವು, ಗಾಳಿ ಎದ್ದರೆ ದೂಳು ಮನೆಯೊಳಗೆ. ಬೆಂಗಳೂರಿನ ಪಕ್ಕದ ಮಂಡೂರಿನ ಜನ ನಗರದ ಕಸ ಇಲ್ಲಿ ಸುರಿಯಬೇಡಿ ಎಂದು 2014ರಲ್ಲಿ ರಸ್ತೆಗಿಳಿದರು, ಆ ವರ್ಷದ ಕೊನೆಗೆ ಕಸದ ಲಾರಿ ನಿಲ್ಲಿಸಿದರು. ಆದರೆ ಆಗಲೇ ಬಿದ್ದಿದ್ದ ಗುಡ್ಡ ವರ್ಷಗಟ್ಟಲೆ ಅವರ ಪಾಲಿಗೇ ಉಳಿಯಿತು. ನಾವು ಅಷ್ಟು ತಡ ಮಾಡುವುದು ಬೇಡ.

ಕಾನೂನು ಈಗ ನಮ್ಮ ಕೈಯಲ್ಲಿದೆ. ಕಲುಷಿತ ಸ್ಥಳಗಳ ನಿರ್ವಹಣೆ ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದೆ. ಜನ ದೂರು ಕೊಟ್ಟರೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅಂಥ ಜಾಗವನ್ನು ಗುರುತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪಟ್ಟಿ ಕಳಿಸಬೇಕು. ಮಂಡಳಿ 90 ದಿನದೊಳಗೆ ಮೊದಲ ಪರೀಕ್ಷೆ ಮುಗಿಸಬೇಕು. ಕೆಡಿಸಿದವರೇ ಸರಿಪಡಿಸುವ ಖರ್ಚು ಕೊಡಬೇಕು. ಬರೀ ಊರ ಕಸದ ಗುಡ್ಡೆ ಈ ನಿಯಮಕ್ಕೆ ಬರುವುದಿಲ್ಲ, ಅದಕ್ಕೆ ಘನತ್ಯಾಜ್ಯ ನಿಯಮಗಳಿವೆ. ಆದರೆ ಆ ಗುಡ್ಡೆಯ ಹಳೇ ಕಸ ಜರಡಿ ಹಿಡಿದು ಬಂದ ಮಣ್ಣನ್ನು ಪರೀಕ್ಷೆ ಮಾಡಿಸದೆ ಗೊಬ್ಬರವೆಂದು ಹಿಪ್ಪುನೇರಳೆ ತೋಟಕ್ಕೆ ಹಾಕಿಸಿಕೊಳ್ಳಬೇಡಿ.

ಆದರೆ ಮಂಡಳಿ ಪರೀಕ್ಷೆಗೆ ಯಾವ ಜಾಗದ ಮಣ್ಣು ತೆಗೆಯಬೇಕು? ಕಡತದಲ್ಲಿ ಅದು 'ಖಾಲಿ ನಿವೇಶನ' ಅಷ್ಟೇ. ಬಣ್ಣದ ಗುಂಡಿ ಎಲ್ಲಿತ್ತು, ಬ್ಯಾಟರಿ ಯಾವ ಮರದ ಕೆಳಗೆ ಒಡೆಯುತ್ತಿದ್ದರು, ಯಾವ ಬಾವಿಯ ನೀರು ಯಾವ ವರ್ಷದಿಂದ ಕೆಟ್ಟಿತು ಎಂಬುದು ನಮ್ಮ ತಾತಂದಿರಿಗೆ, ಮಗ್ಗದ ಮನೆಯವರಿಗೆ, ಪೌರಕಾರ್ಮಿಕರಿಗೆ ಗೊತ್ತು. ಅವರನ್ನು ಕೇಳದೆ ಹಾಕಿದ ಯಾವ ಯೋಜನೆಯನ್ನೂ ನಾವು ಒಪ್ಪಬಾರದು. ಪೌರಕಾರ್ಮಿಕರನ್ನು ಮೊದಲು ಕೂರಿಸಿಕೊಂಡು ಕೇಳಿ. ಆ ಕಸದಲ್ಲಿ ದುಡಿದ ಕೈ ಅವರದು.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಇವತ್ತೇ ಮನೆಯ ಹಿರಿಯರ ಪಕ್ಕ ಕೂತು ನಿಮ್ಮ ಬೀದಿಯ ನಕ್ಷೆ ಬರೆಯಿರಿ. ಎಲ್ಲಿ ಏನಿತ್ತು, ಯಾವಾಗಿನಿಂದ ಯಾವಾಗಿನವರೆಗೆ, ಗುರುತು ಮಾಡಿ. ಬೀದಿಯವರೆಲ್ಲ ಸಹಿ ಹಾಕಿ. ಕೊಳ್ಳೇಗಾಲದವರು ನಗರಸಭೆಗೆ, ಹನೂರು ಮತ್ತು ಯಳಂದೂರಿನವರು ಪಟ್ಟಣ ಪಂಚಾಯಿತಿಗೆ, ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳದೆ ಬರಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರಿಸಲೇಬೇಕು. ಪರೀಕ್ಷೆಗೆ ಮಣ್ಣು ತೆಗೆಯುವ ದಿನ ನಮ್ಮನ್ನೂ ಕರೆಯಬೇಕು, ವರದಿಯನ್ನು ಕನ್ನಡದಲ್ಲಿ ಕಚೇರಿ ಬಾಗಿಲಿಗೆ ಅಂಟಿಸಬೇಕು ಎಂದು ಮೊದಲು ಕೊಡುವ ನಕ್ಷೆಯ ಜೊತೆಗೇ ಬರೆಯಿರಿ.

ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ, ಅವರ ನೆನಪನ್ನೂ ಬರೆದುಕೊಳ್ಳಿ.

ಇಂತಿ,
ಮೂರೂ ಪಟ್ಟಣಗಳ ನಿಮ್ಮ ನೆರೆಹೊರೆಯವರು