ನಡುನೀರಿನಲ್ಲಿ ನಿಂತ ಎಂಜಿನ್

ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿದ್ದು 1923ರಲ್ಲಿ. ನ್ಯೂ ಟೌನ್‌ನ ಹುಡುಗರಿಗೆ ನಟ್ಟು-ಬೋಲ್ಟುಗಳ ಮಾತು ಹೊಸದಲ್ಲ. ದೋಣಿಯ ಹಳೆಯ ಎಂಜಿನ್ ಬಿಚ್ಚಿ ಜೋಡಿಸಲು ಹೊರಟವನನ್ನು ಹಿರಿಯರು ತಡೆಯಬೇಕಿಲ್ಲ; ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಇದೆಯೇ ಎಂದು ಕೇಳಿದರೆ ಸಾಕು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾದರೆ ಬೇರಿಂಗ್ ಬಡಿದು ಹಾಳಾಗುತ್ತದೆ. ಅತಿ ಬಿಗಿಯಾದರೆ ಬೋಲ್ಟೇ ಹಿಗ್ಗಿ ತುಂಡಾಗಬಹುದು. ಎಣ್ಣೆಯ ದಾರಿಯಲ್ಲಿ ಉಳಿದ ಚಿಟಿಕೆ ಮರಳೂ ಬೇರಿಂಗನ್ನು ಗೀರುತ್ತದೆ.

ಅಂಗಳದಲ್ಲಿ ಐದು ನಿಮಿಷ ಓಡಿತೆಂದ ಮಾತ್ರಕ್ಕೆ ಎಂಜಿನ್ ಸರಿಯಾಯಿತೆಂದಲ್ಲ. ಕಾರಿಗೆ ಇಳಿಜಾರಿನಲ್ಲಿ ಬಿಡುವುಂಟು. ದೋಣಿಗೆ ಸದಾ ಏರುದಾರಿ. ನೀರು ತಳ್ಳುವ ಪ್ರೊಪೆಲ್ಲರ್‌ಗೆ ಭಾರ ತಪ್ಪಿದ್ದಲ್ಲ. ಅಡಗಿದ್ದ ದೋಷ ನಡುನೀರಿನಲ್ಲೇ ಬಯಲಾಗುವುದು ಇದಕ್ಕೇ. ಕೆಟ್ಟ ಕಾರನ್ನಾದರೆ ರಸ್ತೆಬದಿಗೆ ತಳ್ಳಬಹುದು. ಲಕ್ಕವಳ್ಳಿಯ ಭದ್ರಾ ಜಲಾಶಯದಂಥ ಕಡೆ ಗಾಳಿ ಎದ್ದಾಗ ಬೇಕಾಗುವುದು ಹುಟ್ಟು, ಲಂಗರು, ಜೀವರಕ್ಷಕ ಜಾಕೆಟ್.